ಪುಸ್ತಕದ ಕಿಸೆ

ಮಶೀನಿನ ಎಣ್ಣೆ, ಇಸ್ತ್ರಿಪೆಟ್ಟಿಗೆಯ ಇದ್ದಿಲು, ಗಂಜಿ ಬಿಡದ ಹೊಸ ಬಟ್ಟೆ, ಈ ಮೂರೂ ಕೂಡಿದ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ ಸಕ್ಕೂಬಾಯಿಗೆ ಇವತ್ತಿಗೂ ಗಜೇಂದ್ರಗಡದ ಆ ಮಧ್ಯಾಹ್ನ ನೆನಪಾಗುತ್ತದೆ. ಊಟದ ಬಿಡುವಿನಲ್ಲಿ ಮನೆಗೆ ಹೋಗದೆ ಅವಳು ಬಸ್ ಸ್ಟ್ಯಾಂಡಿನ ಹಿಂದಿದ್ದ ಕಾಶೀಂಸಾಬನ ಹೊಲಿಗೆ ಅಂಗಡಿಯ ಕಟ್ಟೆ ಹತ್ತಿ ನಿಂತಿದ್ದಳು. ಜಡೆಯಿಂದ ಶಾಯಿ ಇಳಿದು ಪೋಲಕದ ಬೆನ್ನೆಲ್ಲ ನೀಲಿಯಾಗಿತ್ತು.

"ಏನವಾ ಇದು? ಯಾರರೆ ಶಾಯಿ ದೌತಿ ಸುರುವಿದ್ರೇನು?"

"ಇಲ್ಲ ಕಾಕಾ. ಪೆನ್ನ ಜಡಿಯಾಗ ಸಿಗಿಸಿಕೊಂಡಿದ್ನಿ, ಸೋರಿತು. ಹುಡುಗ್ರೆಲ್ಲಾ ನಕ್ರು. ಅವರ ಅಂಗಿಗೆ ಕಿಸೆ ಅದಾವು. ನನ್ನ ಪೋಲಕಾಕ್ಕೂ ಒಂದು ಹಚ್ಚಿಕೊಡ್ರಿ."

ಮೊದಲ ಪೆನ್ನು ಕೈಯಲ್ಲಿ ಹಿಡಿದು ನಡೆವಾಗ ಬಸ್ಸಿನ ಗದ್ದಲದಲ್ಲಿ ಎಲ್ಲಿಯೋ ಜಾರಿ ಬಿದ್ದಿತ್ತು. ಎರಡನೆಯದನ್ನು ಕೊಡುವಾಗ ಅಪ್ಪ ಮಲ್ಲೇಶಪ್ಪ ಮಗ್ಗದ ಕುಣಿಯಿಂದ ತಲೆ ಎತ್ತದೆಯೇ ಹೇಳಿದ್ದ: "ಇದನ್ನೂ ಕಳಕೊಂಡ್ರ ಸಾಲಿ ಸಾಕು. ಮನ್ಯಾಗ ಕಂಡಿಕಿ ಸುತ್ತಕೋತ ಕೂಡು." ಓಣಿಯ ಓರಗೆಯ ಹುಡುಗಿಯರೆಲ್ಲ ಆಗಲೇ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದರು. ಹೈಸ್ಕೂಲಿಗೆ ಹೋಗುತ್ತಿದ್ದವಳು ಸಕ್ಕೂ ಒಬ್ಬಳೇ. ಅಪ್ಪ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ.

ಕಾಶೀಂಸಾಬ ಟೇಪು ಎತ್ತಿಕೊಂಡಿದ್ದನಷ್ಟೇ. ಕಟ್ಟೆಯ ಕೆಳಗೆ ಅಜ್ಜಿ ಗಾಳೆವ್ವನ ದನಿ ಕೇಳಿತು. ಬಿಸಿಲಿಗೆ ಮೈತುಂಬ ಸೆರಗು ಹೊದ್ದು, ಮೊಮ್ಮಗಳನ್ನು ಹುಡುಕುತ್ತ ಬಂದಿದ್ದಳು.

"ಹೊಲಿ, ಹೊಲಿ! ನಾಳೆ ಅಕಿ ಅದರಾಗ ಬೀಡಿಕಟ್ಟು ಇಟಗೊಂಡು ಬರ್ತಾಳ. ಕಿಸೆ ಇಟಗೊಂಡ ಹೆಣ್ಣಮಗಳನ್ನ ಈ ಊರಾಗ ಎಲ್ಲೆರೆ ಕಂಡೀಯೇನೋ ಕಾಶೀಮಾ?"

ಕಾಶೀಂಸಾಬ ಟೇಪನ್ನು ಕೊರಳಿಗೆ ಹಾಕಿಕೊಂಡು ಗಂಭೀರವಾಗಿ ಹೇಳಿದ. "ಕಂಡೀನ್ರಿ ಆಯಿ. ನೀವು ನಡಕ್ಕ ಸಿಗಿಸಿದ್ದು ಏನ್ರಿ?"

"ಎಲಿಅಡಿಕಿ ಚಂಚಿ. ಕಣ್ಣು ಕಾಣೂದಿಲ್ಲೇನು?"

"ಎಷ್ಟು ಖಾನಿ ಅದಾವ್ರಿ ಅದಕ್ಕ?"

"ಎಲಿಗೊಂದು, ಅಡಿಕಿಗೊಂದು, ತಂಬಾಕಕ್ಕೊಂದು, ಸುಣ್ಣದ ಡಬ್ಬಿಗೊಂದು... ಯಾಕ?"

"ಏನಿಲ್ರಿ. ನನ್ನ ಅಂಗಿಗೆ ಎರಡ ಅದಾವು. ನಿಮ್ಮಷ್ಟು ಕಿಸೆ ಇದ್ದವ್ರು ಈ ಪ್ಯಾಟ್ಯಾಗ ಯಾರೂ ಇಲ್ಲ ಅಂತ ಅಂದ್ನಿ."

ಸಕ್ಕೂ ಕಿಸಕ್ಕನೆ ನಕ್ಕಳು. "ಹಲ್ಲ ಕಿಸೀಬ್ಯಾಡ" ಎಂದು ಗದರಿ ಗಾಳೆವ್ವ ಚಂಚಿಯನ್ನು ಸೊಂಟದಿಂದ ಕಿತ್ತು ಕಟ್ಟೆಯ ಮೇಲೆ ಒಗೆದಳು. "ನೋಡು, ಇದು ಮೈಮ್ಯಾಲೆ ಹೊಲಿದದ್ದಲ್ಲ. ಬೇಕಂದಾಗ ತಗದಿಡಾಕ ಬರ್ತೈತಿ." ಚಂಚಿ ಅಲ್ಲಿಟ್ಟಿದ್ದ ಮೊಮ್ಮಗಳ ಪುಸ್ತಕದ ಮೇಲೆಯೇ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಚಂಚಿಯನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದಳು. ಆಮೇಲೆ ಯಾರ ಮುಖವನ್ನೂ ನೋಡದೆ, "ಪೋಲಕಾಕ್ಕ ಬ್ಯಾಡ. ಹಚ್ಚೂದಾದ್ರ ಪುಸ್ತಕಕ್ಕ ಹಚ್ಚು" ಎಂದಳು.

ಕತ್ತರಿಸಿ ಉಳಿದ ಚಿಂದಿಗಳ ರಾಶಿಯನ್ನು ಗಾಳೆವ್ವನೇ ಕೆದರಿ, ಕೆಂಪು ಅಂಚಿನ ಖಣದ ತುಂಡೊಂದನ್ನು ಆರಿಸಿದಳು. ಕಾಶೀಂಸಾಬ ಪುಸ್ತಕದ ರಟ್ಟಿಗೆ ಅಂಗಿ ತೊಡಿಸಿದಂತೆ ಒಂದು ಗವಸು ಹೊಲಿದು, ಅದರ ಅಂಚಿಗೆ ಬೆರಳಗಲದ ಉದ್ದನೆಯ ಚೀಲ ಕೂಡಿಸಿದ. ಪೆನ್ನು ಅರ್ಧಕ್ಕೇ ಸಿಕ್ಕಿಕೊಂಡಿತು.

"ಅದಕ್ಕೂ ಉಸರ ಹಾಕಾಕ ಜಾಗಾ ಬಿಡೋ!" ಗಾಳೆವ್ವ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. "ತಳಕ್ಕ ಎರಡು ಪದರ ಹಾಕು. ಸುಣ್ಣದ ಖಾನಿಗೆ ನಾ ಹಂಗ ಹಾಕೀನಿ, ಇಲ್ಲಾಂದ್ರ ಬಟ್ಟಿ ಸುಟ್ಟ ಹೋಗ್ತೈತಿ. ಇಕಿ ಶಾಯೀನೂ ಅಂಥಾದ್ದ."

ಎರಡನೆಯ ಸಲ ಪೆನ್ನು ಸಲೀಸಾಗಿ ಇಳಿಯಿತು. ಕಿಸೆಯ ಬಾಯಿಗೆ ಚಂಚಿಯಂತೆಯೇ ಲಾಡಿ ಬೇಕೆಂದು ಗಾಳೆವ್ವ ಹಟ ಹಿಡಿದಳು. ಅದನ್ನು ಮಶೀನಿಗೆ ಕೊಡಲಿಲ್ಲ. ಸಕ್ಕೂ ಸೂಜಿಗೆ ದಾರ ಪೋಣಿಸಿಕೊಟ್ಟಳು, ಅಜ್ಜಿ ಕಟ್ಟೆಯ ಮೇಲೆ ಕೂತು ಕೈಯಿಂದಲೇ ಹೊಲಿದಳು. ಹೊಲಿದಾದ ಮೇಲೆ ಲಾಡಿ ಬಿಗಿದು, ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ಗೋದಿ ಚೀಲ ಜಾಡಿಸುವಂತೆ ಜಾಡಿಸಿದಳು. ಪೆನ್ನು ಬೀಳಲಿಲ್ಲ.

ಕಾಶೀಂಸಾಬ ಕೂಲಿಯ ಮಾತೆತ್ತಲಿಲ್ಲ. ಗಾಳೆವ್ವ ಎಳೆಯ ಎಲೆ ಎರಡು ಆರಿಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಅವನ ಮಶೀನಿನ ಹಲಗೆಯ ಮೇಲೆ ಇಟ್ಟಳು.

"ಆಯಿ," ಸಕ್ಕೂ ಮೆಲ್ಲಗೆ ಕೇಳಿದಳು, "ಪೋಲಕಾ ನೋಡಿ ಅಪ್ಪ ಸಾಲಿ ಬಿಡಸ್ತಾನೇನು?"

"ಪೆನ್ನ ಕಳದ್ರ ಬಿಡಸ್ತೀನಿ ಅಂದಾನ. ಪೋಲಕಾದ ಸುದ್ದಿ ಎಲ್ಲಿ ತಗದಾನ? ಸಂಜಿಗೆ ತಗದ ಕೊಡು, ನಾ ಒಗೀತೀನಿ. ಅವಗ ಹೇಳೂದು ನನಗ ಬಿಡು."

ಅತ್ತ ಶಾಲೆಯ ಗಂಟೆ ಹೊಡೆಯಿತು. ಸಕ್ಕೂ ಪುಸ್ತಕವನ್ನು ಎಡಗೈಯಿಂದ ಎದೆಗವಚಿಕೊಂಡು ಕಟ್ಟೆಯಿಂದ ಕೆಳಗೆ ಹಾರಿದಳು. ಸೋರಿದಾಗಿನಿಂದ ಪೆನ್ನು ಹಿಡಿದೇ ಇದ್ದ ಬಲಗೈ ಈಗ ಬರಿದಾಗಿತ್ತು. ಗಾಳೆವ್ವ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. ಸೆರಗಿನ ಒಳಗಿಂದ ಸುರುಳಿ ಸುತ್ತಿದ ಜೋಳದ ರೊಟ್ಟಿ ತೆಗೆದಳು, ಒಳಗಿನ ಬದನೆಕಾಯಿ ಪಲ್ಯ ಇನ್ನೂ ಬೆಚ್ಚಗಿತ್ತು. ಅದನ್ನು ಆ ಬರಿಗೈಯಲ್ಲಿ ಇಟ್ಟಳು.