ಇಸಕ್ಕಿಯ ಎಳೆ

ಐದನೆಯ ಮನೆಯ ಮುಂದೆ ಆವುಡೈಯಮ್ಮಾಳ್ ಸೊಂಟ ಹಿಡಿದುಕೊಂಡು ಬಗ್ಗಿದಳು. ನೀರು ಚಿಮುಕಿಸಿದ ಅಂಗಳ ಇನ್ನೂ ಆರಿರಲಿಲ್ಲ. ಹನ್ನೊಂದು ಚುಕ್ಕಿಯ ರಂಗೋಲಿ, ನಡುವೆ ಸಗಣಿ ಉಂಡೆ, ಅದರ ನೆತ್ತಿಗೆ ಕುಂಬಳದ ಹೂ. ಎಳೆ ದಪ್ಪ. ಅವಸರದ ಕೈ. ಇದಲ್ಲ.

ಸೊಂಟದಲ್ಲಿ ಸಿಕ್ಕಿಸಿದ ಫೋನು ನಡುಗಿತು.

"ಸಿಕ್ಕಿದ್ಲಾ?" ಮಗ ಸುಡಲೆಯ ದನಿ.

"ಐದು ಮನೆ ಆಯ್ತು ಕಣೋ. ಬೀದಿ ಉದ್ದ ಇದೆ."

"ಬೇಗ ನೋಡಮ್ಮ. ಹೊತ್ತೇರಿದ್ರೆ ಜನ ಎಲ್ಲ ತುಳಿದುಹಾಕ್ತಾರೆ. ನಾನೂ ಬರ್ಲಾ?"

"ನೀನು ಬಂದ್ರೆ ಕಂಡಕೂಡ್ಲೇ ಹಿತ್ತಲಿಂದ ಓಡ್ತಾಳೆ. ಸುಮ್ನೆ ಚಹಾ ಕುಡಿ."

ಕಲ್ಲಿಡೈಕುರಿಚ್ಚಿಯ ಆ ಬೀದಿಯ ಮೂಲೆಯಲ್ಲಿ, ಚಹಾ ಅಂಗಡಿಯ ಬೆಂಚಿನ ಮೇಲೆ ಸುಡಲೆ ಕೂತಿದ್ದ. ಮೊದಲ ಬಸ್ಸಿಗೆ ಬಂದವರು. ಅವನ ಹೆಂಡತಿ ಇಸಕ್ಕಿ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಬಾವಿಕಟ್ಟೆಯಲ್ಲಿ ಜಾರಿ ಮುರಿದುಕೊಂಡ ಮುಂಗೈಗೆ ಕಟ್ಟು ಕಟ್ಟಿಕೊಂಡೇ ಹೋಗಿದ್ದಳು. ಜಾರಿ ಬಿದ್ದದ್ದೆಂದು ಕೇಳಿದವರಿಗೆಲ್ಲ ಹೇಳಿದವಳು ಆವುಡೈಯಮ್ಮಾಳೇ. ಮಗನೂ ಹಾಗೇ ಹೇಳಿದ್ದ.

ಫೋನಿನಲ್ಲಿ ಹುಡುಕುವ ಉಪಾಯ ಮಾತ್ರ ಪೂರ್ತಿ ಅವನದು. ಹೆಸರು ಬದಲಾಯಿಸಬಹುದು, ಮುಖ ಮರೆಸಬಹುದು. ಮಾರ್ಗಳಿ ತಿಂಗಳಲ್ಲಿ, ಧನುರ್ಮಾಸದ ಮುಂಜಾನೆ, ಹೆಂಗಸು ರಂಗೋಲಿ ಹಾಕದೆ ಇರುತ್ತಾಳೆಯೇ? ಹಾಕಿದರೆ ಬೀದಿಯಲ್ಲಿ ಯಾರಾದರೂ ಚಿತ್ರ ತೆಗೆಯದೆ ಬಿಡುತ್ತಾರೆಯೇ? ಈಗಂತೂ ಊರೂರಿನ ಅಂಗಳ ಫೋನಿನಲ್ಲೇ ಇದೆ. ಆದರೆ ಅವನ ಕಣ್ಣಿಗೆ ಎಲ್ಲ ರಂಗೋಲಿಯೂ ಒಂದೇ. ಅದಕ್ಕೆ ತಾಯಿ ಬೇಕಿತ್ತು. ಇಸಕ್ಕಿಗೆ ಎಳೆ ಎಳೆಯಲು ಕಲಿಸಿದವಳು ಅವಳು. ಕೊನೆಯ ಸುತ್ತು ಮೊದಲಿನ ಚುಕ್ಕಿಗೆ ಸೇರುವಾಗ ಮಾವಿನ ತೊಟ್ಟಿನಂತೆ ಒಂದು ಪುಟ್ಟ ಬಾಗು ಬರಬೇಕು. ಅದು ಆವುಡೈಯಮ್ಮಾಳ ತವರಿನ ಕೈ. ಈ ಸೀಮೆಯಲ್ಲಿ ಬೇರೆ ಯಾರಿಗೂ ಇಲ್ಲ.

ಎರಡು ಮಾರ್ಗಳಿ, ಸಂಜೆ ಸಂಜೆ, ಮಗ ಪಕ್ಕದಲ್ಲಿ ಕೂತು ಬೆರಳಿಂದ ಚಿತ್ರ ತಳ್ಳುತ್ತಿದ್ದ. ಇದಾ? ಅಲ್ಲ. ಇದಾ? ಅಲ್ಲಪ್ಪ. ಮೊನ್ನೆ ಒಂದು ಚಿತ್ರದ ಮುಂದೆ ಅವಳ ಉತ್ತರ ಒಂದು ಉಸಿರಿನಷ್ಟು ತಡವಾಯಿತು. ಅಷ್ಟು ಸಾಕಾಯಿತು ಅವನಿಗೆ.

"ಇದೇ ಅಲ್ವಾ?"

"ಚಿತ್ರದಲ್ಲಿ ಏನ್ ತಿಳಿಯುತ್ತೆ? ನೆಲದ ಮೇಲೆ ನೋಡ್ಬೇಕು," ಎಂದಿದ್ದಳು. ಚಿತ್ರದ ಕೆಳಗೆ ಬೀದಿಯ ಹೆಸರಿತ್ತು. ಮನೆ ಯಾವುದೆಂದು ಇರಲಿಲ್ಲ. ಹೆಂಡತಿ ಓಡಿಹೋದಳೆಂದು ಪರವೂರಿನಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಕೇಳುವುದು ಸುಡಲೆಗೆ ಸಾವಿಗಿಂತ ಹೆಚ್ಚು. ಹಾಗಾಗಿ ತಾಯಿಯೇ ನಡೆದಳು.

ಏಳನೆಯ ಮನೆಯ ಮುಂದೆ ದಪ್ಪನೆಯ ಹೆಂಗಸೊಬ್ಬಳು ಸ್ಟೂಲು ಹತ್ತಿ ಫೋನು ಹಿಡಿದು ನಿಂತಿದ್ದಳು.

"ಸ್ವಲ್ಪ ಆ ಕಡೆ ಸರೀರಿ ಅಜ್ಜಿ, ನಿಮ್ಮ ನೆರಳು ಬೀಳ್ತಾ ಇದೆ!"

"ಈ ಬೀದಿ ಚಿತ್ರ ಎಲ್ಲ ಹಾಕೋಳು ನೀನೇನಾ?"

"ನಾನೇ, ಮಂಗಳಂ! ನೋಡಿದೀರಾ? ನಿಮ್ಮೂರಿಗೂ ತಲುಪಿದೆಯಾ?" ಅವಳ ಮುಖ ಅರಳಿತು.

"ಕೊನೇ ಸುತ್ತಿಗೆ ತೊಟ್ಟು ಬರುತ್ತಲ್ಲ, ಅದು ಯಾರ ಕೈಯಮ್ಮ?"

"ಓ, ಅದಾ? ನೀಲಿ ಬಾಗಿಲು. ಹಪ್ಪಳ ಒತ್ತೋಕೆ ಬರೋ ಹುಡುಗಿ. ಚಿತ್ರ ತೆಗೀಬೇಡಿ ಅಕ್ಕಾ ಅಂತ ಒಂದೇ ಹಟ. ನಿನ್ನ ಮೂತಿ ಯಾರಿಗೆ ಬೇಕೇ, ಬರೀ ರಂಗೋಲಿ ತಾನೆ ಅಂದೆ. ಮುಖ ಇಲ್ಲ, ಹೆಸರಿಲ್ಲ. ಅದರಿಂದ ಯಾರಿಗೇನು ತೊಂದರೆ, ನೀವೇ ಹೇಳಿ?"

ಆವುಡೈಯಮ್ಮಾಳ ಕಾಲು ಆಗಲೇ ಮುಂದೆ ಹೋಗಿತ್ತು.

ನೀಲಿ ಬಾಗಿಲು ಬೀದಿಯ ತಿರುವಿನಾಚೆ ಇತ್ತು. ಬಗ್ಗಿ ನೋಡಬೇಕಾಗಲಿಲ್ಲ. ನಿಂತಲ್ಲಿಂದಲೇ ತಿಳಿಯಿತು. ಅಕ್ಕಿಹಿಟ್ಟಿನ ಎಳೆ ಕೂದಲಿನಷ್ಟು ಸಣ್ಣ, ಎಲ್ಲೂ ಕಡಿದಿಲ್ಲ. ಕೊನೆಗೆ ಮಾವಿನ ತೊಟ್ಟು. ಒಂದು ಗಳಿಗೆ ಅವಳ ಎದೆಯಲ್ಲಿ ಹೆಮ್ಮೆಯಂಥದ್ದೇನೋ ಎದ್ದು ಅಡಗಿತು.

ಬಾಗಿಲು ತೆರೆಯಿತು. ಪೊರಕೆ ಹಿಡಿದು ಬಂದವಳು ಅಲ್ಲೇ ಕಲ್ಲಾದಳು.

"ಅತ್ತೆ..."

"ಹೂಂ. ನಾನೇ."

"ಅವರೂ..."

"ಮೂಲೇಲಿ ಕೂತಿದಾನೆ. ಚಹಾ ಮುಗಿಯೋ ಹೊತ್ತು."

ಇಸಕ್ಕಿ ಬಾಗಿಲ ದಾರಂದ ಹಿಡಿದುಕೊಂಡಳು. ಮುಂಗೈ ಸೊಟ್ಟಗೆ ಕೂಡಿಕೊಂಡಿತ್ತು.

"ಎರಡು ವರ್ಷ ನಿಮ್ಮ ಯಾರ ತಂಟೆಗೂ ಬಂದಿಲ್ಲ ಅತ್ತೆ. ಹೇಗೆ ಗೊತ್ತಾಯ್ತು?"

"ನಾನು ಕಲಿಸಿದ್ದು ನನಗೆ ಗೊತ್ತಾಗಲ್ವೇನೇ? ಒಳಗೆ ಯಾರಿದಾರೆ?"

"ಯಾರೂ ಇಲ್ಲ."

"ಒಳ್ಳೇದಾಯ್ತು. ಒಂದು ಬಿಂದಿಗೆ ನೀರು ತಾ."

ಇಸಕ್ಕಿ ತಂದಳು. ಬಿಂದಿಗೆ ಅಂಗಳದಲ್ಲಿಟ್ಟು ಅತ್ತೆಯ ಪಾದ ಮುಟ್ಟಲು ಬಗ್ಗಿದಳು. ಆವುಡೈಯಮ್ಮಾಳ್ ಅವಳ ಭುಜ ಹಿಡಿದು ಒಳಕ್ಕೆ ದಬ್ಬಿದಳು.

"ಅಗುಳಿ ಹಾಕ್ಕೋ. ನಾನು ಕರೆಯೋವರೆಗೂ ಉಸಿರೆತ್ತಬೇಡ."

ಸುಡಲೆಗೆ ಕಾಯುವ ತಾಳ್ಮೆ ಯಾವತ್ತಿಗೂ ಇರಲಿಲ್ಲ. ಅವನು ತಿರುವು ದಾಟಿ ಬರುವಾಗ ತಾಯಿ ಬೀದಿಯ ನಡುವೆ ಎದುರಾದಳು. ಏದುಸಿರು ಬಿಡುತ್ತಿದ್ದಳು.

"ಎಷ್ಟು ಮನೆ ನೋಡಿದೆ?"

"ಎಲ್ಲ ಆಯ್ತು."

"ಮತ್ತೆ?"

"ನಮ್ಮ ಕೈ ಯಾವುದೂ ಇಲ್ಲ ಇಲ್ಲಿ. ಬಸ್ಸಿಗೆ ಹೋಗೋಣ ನಡಿ."

ಸುಡಲೆ ನಂಬಲಿಲ್ಲ. ತಾಯಿಯನ್ನು ದಾಟಿ ಎರಡೂ ಸಾಲು ನೋಡುತ್ತ ನಡೆದ. ಎಲ್ಲ ಅಂಗಳದಲ್ಲೂ ಬಿಳಿ ಎಳೆ, ಹಳದಿ ಹೂ. ನೀಲಿ ಬಾಗಿಲ ಮುಂದೆ ಮಾತ್ರ ಏನೂ ಇರಲಿಲ್ಲ; ಅವನು ಅಲ್ಲೇ ನಿಂತ.

"ಇಲ್ಲಿ ಒಂದು ಮಾತು ಕೇಳೇಬಿಡ್ತೀನಿ," ಎಂದು ಬಾಗಿಲ ಕಡೆ ಕೈ ಎತ್ತಿದ.

"ತಟ್ಟಬೇಡ! ಮಾರ್ಗಳಿಯಲ್ಲೂ ಅಂಗಳ ಬರಿದಾಗಿದೆ ಅಂದ್ರೆ ಸಾವಾದ ಮನೆ, ಕಣ್ಣು ಕಾಣಲ್ವಾ?" ಎಂದಳು ಆವುಡೈಯಮ್ಮಾಳ್, ಹಸಿ ಅಕ್ಕಿಹಿಟ್ಟು ಮೆತ್ತಿದ ಪಾದವನ್ನು ಸೀರೆಯಂಚಿನೊಳಗೆ ಎಳೆದುಕೊಳ್ಳುತ್ತ.