ಲೆಕ್ಕಕ್ಕುಂಟು, ಆಟಕ್ಕಿಲ್ಲ

ಯುವ ಸದಸ್ಯೆ ಆಗಿನಿಂದ ಕೈ ಎತ್ತಿಕೊಂಡೇ ಕೂತಿದ್ದಳು. ನಗರಸಭೆಯ ಅಧ್ಯಕ್ಷರು ಕಂಡೂ ಕಾಣದವರಂತೆ ಕನ್ನಡಕ ಒರೆಸಿಕೊಂಡು, ಮುಂದಿನದು ಓದಿ ಎಂದು ಕಾರ್ಯದರ್ಶಿಗೆ ಸನ್ನೆ ಮಾಡಿದರು. "ಸಂಜೆಯ ಕೊನೆಯ ಬಸ್ ಖಾಲಿ ಓಡುತ್ತಿರುವ ಕಾರಣ, ಅದನ್ನು ರದ್ದು ಮಾಡುವುದು," ಎಂದು ಕಾರ್ಯದರ್ಶಿ ಓದಿದರು. ಹುಡುಗಿ ಇನ್ನೊಂದು ಕೈಯನ್ನೂ ಎತ್ತಿದಳು.

"ಎರಡು ಕೈ ಎತ್ತಿದ್ರೆ ಎರಡು ಓಟಾಗಲ್ಲಮ್ಮ," ಅಧ್ಯಕ್ಷರು ನಕ್ಕರು. "ನಿನಗಿರೋದೇ ಸೊನ್ನೆ." ಸಭೆ ಗೊಳ್ಳೆಂದಿತು.

"ಓಟು ಬೇಡ ಸಾರ್. ಒಂದು ಮಾತು ಹೇಳ್ಬೇಕಿತ್ತು."

"ಮಾತಿಗೆ ನನ್ನ ಅಪ್ಪಣೆ ಬೇಕು. ಆಮೇಲೆ ನೋಡೋಣ."

"ಆಮೇಲೆ ಅಂದ್ರೆ ಯಾವಾಗ ಸಾರ್?"

"ನೀನು ನನ್ನಷ್ಟು ದೊಡ್ಡವಳಾದಾಗ!"

ಯುವಜನರ ದನಿಗೆ ಸಭೆಯಲ್ಲಿ ಜಾಗ ಬೇಕೆಂದು ಆ ಕುರ್ಚಿ ಹಾಕಿಸಿದವರೇ ಅಧ್ಯಕ್ಷರು. ಆ ದಿನ ಬಿದ್ದ ಚಪ್ಪಾಳೆ ಇನ್ನೂ ಅವರ ಕಿವಿಯಲ್ಲಿತ್ತು. ಆದರೆ ಅವರೇನು ಸುಮ್ಮನೆ ಹಾಕಿಸುವ ಆಸಾಮಿಯೇ? ಸಭೆ ಕರೆದ ದಿನವೇ ಸದಸ್ಯರಲ್ಲಿ ಒಬ್ಬರಿಗೆ ಹಲ್ಲುನೋವು ಬರುತ್ತಿತ್ತು, ಇನ್ನೊಬ್ಬರಿಗೆ ಬೀಗರು ಬರುತ್ತಿದ್ದರು. ಕೋರಂ ತುಂಬದೆ ಸಭೆ ಮುರಿಯುತ್ತಿತ್ತು. ಅದಕ್ಕೇ ನಿಯಮ ಬರೆಸಿದ್ದರು: ಯುವ ಸದಸ್ಯೆಗೆ ಮತವಿಲ್ಲ, ಅಪ್ಪಣೆಯಿಲ್ಲದೆ ಮಾತಿಲ್ಲ, ಆದರೆ ಬಂದು ಕೂತರೆ ಕೋರಂಗೆ ಒಂದು ತಲೆ. ಚಿಕ್ಕ ಮಕ್ಕಳನ್ನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುವುದುಂಟಲ್ಲ. ಇವಳು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಈ ಉಪಾಯ ಹೊಳೆದ ದಿನ ಅಧ್ಯಕ್ಷರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿದ್ದರು.

ಹುಡುಗಿ ಚೀಲ ಹೆಗಲಿಗೇರಿಸಿ ಎದ್ದಳು.

"ಎಲ್ಲಿಗಮ್ಮ?"

"ಬಸ್ಸಿಗೆ ಸಾರ್. ಇನ್ನೂ ರದ್ದಾಗಿಲ್ವಲ್ಲ, ಇರೋವಾಗ್ಲೇ ಹತ್ಕೊಂಡ್ಬಿಡ್ತೀನಿ." ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. "ಬಸ್ ನಿಂತ ದಿನವೇ ಸಂಜೆ ಕಾಲೇಜೂ ಬಿಡು ಅಂದಿದ್ದಾಳೆ ಅಮ್ಮ. ಇನ್ಮೇಲೆ ಔಷಧಿ ಅಂಗಡಿ ಕೆಲಸ ಒಂದೇ ನಂಗೆ."

"ಆಯ್ತು, ಹೋಗ್ಬಾ," ಎಂದು ಅಧ್ಯಕ್ಷರು ಉದಾರವಾಗಿ ಕೈ ಬೀಸಿದರು. ಅವಳು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಕಾರ್ಯದರ್ಶಿ ಅವರ ಕಿವಿಗೆ ಬಾಗಿದರು. "ಸಾರ್, ಅವಳು ಹೊಸಿಲು ದಾಟಿದ್ರೆ ಕೋರಂ ಹೋಯ್ತು. ಬಜೆಟ್ ಇನ್ನೂ ಹಾಗೇ ಇದೆ."

"ಯಾವ ಮುಠ್ಠಾಳ ಹಾಗಂತ ಬರೆದಿದ್ದು?"

ಕಾರ್ಯದರ್ಶಿ ವಿನಯದಿಂದ ಮೇಲೆ ನೋಡಿದರು. ಫ್ಯಾನ್ ತಿರುಗುತ್ತಿತ್ತು.

"ಏಯ್, ನಿಲ್ಲು ತಾಯಿ!" ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು. "ಬಾ, ಕೂತ್ಕೋ. ಬಿಸ್ಕತ್ತು ತಗೋ." ಏನಾಯಿತೋ ಎಂದು ಹುಡುಗಿ ಗಾಬರಿಯಿಂದ ಬಂದು ಕೂತಳು. "ಹಾಂ, ಬಸ್ ರದ್ದು, ಎಲ್ಲರಿಗೂ ಒಪ್ಪಿಗೆ ತಾನೆ?" ಎಂದು ಅವರು ಒಂದೇ ಉಸಿರಿನಲ್ಲಿ ಕೇಳಿದರು. ಹುಡುಗಿ ಮತ್ತೆ ಎದ್ದು ಬಾಗಿಲತ್ತ ಹೆಜ್ಜೆ ಇಟ್ಟಳು. ಅಧ್ಯಕ್ಷರ ಬಾಯಿ ಗಪ್ಪೆಂದು ಮುಚ್ಚಿತು. ಇದೇನೆಂದು ಅವಳು ತಿರುಗಿ ಬಂದಳು, ಬಾಯಿ ತೆರೆಯಿತು. ಹೋದಳು, ಮುಚ್ಚಿತು. ಹುಡುಗಿ ಒಮ್ಮೆ ಅಧ್ಯಕ್ಷರನ್ನು ನೋಡಿದಳು, ಒಮ್ಮೆ ಬೆರಳು ಮಡಚಿ ತಲೆ ಎಣಿಸುತ್ತಿದ್ದ ಕಾರ್ಯದರ್ಶಿಯನ್ನು ನೋಡಿದಳು. ಅವಳೇನು ಬೆಪ್ಪಲ್ಲ, ಅರ್ಥವಾಯಿತು. ನೆಟ್ಟಗೆ ಹೋಗಿ ಒಂದು ಕಾಲು ಹೊಸಿಲ ಒಳಗೆ, ಇನ್ನೊಂದು ಕಾಲು ಹೊರಗೆ ಇಟ್ಟು ನಿಂತಳು.

"ಈಗ ಆ ಮಾತು ಹೇಳ್ಬಹುದಾ ಸಾರ್?"

"ಒಳಗೆ ಬಂದು ಹೇಳಮ್ಮ!"

"ಇಲ್ಲಿಂದ್ಲೇ ಚೆನ್ನಾಗಿ ಕೇಳ್ಸತ್ತೆ ಸಾರ್." ಹುಡುಗಿ ಚೀಲ ಸರಿಮಾಡಿಕೊಂಡಳು. "ಬಸ್ ಖಾಲಿ ಅನ್ನೋದು ನಿಜ. ಅದು ಕಾಲೇಜ್ ಗೇಟ್ ದಾಟಿದ ಮೇಲೇ ನಮ್ಮ ಕ್ಲಾಸ್ ಬಿಡೋದು. ನಾವು ಬಸ್ಸಿನ ಒಳಗಿರಲ್ಲ ಸಾರ್, ಅದರ ಹಿಂದೆ ಓಡ್ತಿರ್ತೀವಿ. ನೀವು ಬರೀ ಒಳಗಿರೋರನ್ನ ಎಣಿಸಿದ್ದೀರಿ. ಕಾಲು ಗಂಟೆ ತಡವಾಗಿ ಬಿಡಿಸಿ ನೋಡಿ, ಕಾಲಿಡೋಕೆ ಜಾಗ ಇರಲ್ಲ."

ಸಭೆಯಲ್ಲಿ ಯಾರೂ ನಗಲಿಲ್ಲ. ಆವರೆಗೆ ತೂಕಡಿಸುತ್ತಿದ್ದ ಸಿಮೆಂಟ್ ಅಂಗಡಿಯ ಸದಸ್ಯರು ಕಣ್ಣುಜ್ಜಿಕೊಂಡು, "ನನ್ನ ಮಗಳೂ ಇದನ್ನೇ ಬಡ್ಕೋತಿದ್ಲು," ಎಂದರು. "ದೊಡ್ಡವರ ವಿಷಯ, ಸುಮ್ನಿರು ಅಂದಿದ್ದೆ." ಅಧ್ಯಕ್ಷರಿಗೆ ಒಳಗೊಳಗೇ ನಾಚಿಕೆಯಾಯಿತು. ಬಸ್ ಕಾಲು ಗಂಟೆ ತಡವಾಗಿ ಹೊರಡುವುದೆಂದು ಬರೆದುಕೊಳ್ಳಿ ಎಂದರು. ಹುಡುಗಿ ಹೊರಗಿನ ಕಾಲನ್ನು ಒಳಗೆ ತೆಗೆದುಕೊಂಡು, ಬಜೆಟ್ ಮುಗಿಯುವ ತನಕ ಜಾಣೆಯಂತೆ ಕೂತು ಬಿಸ್ಕತ್ತು ತಿಂದಳು.

ಸಭೆ ಮುಗಿಸಿ ಅಧ್ಯಕ್ಷರು ಕಿಟಕಿಯ ಬಳಿ ಬಂದರೆ, ಕೆಳಗೆ ಬಸ್ ಆಗಲೇ ಹೊರಟಿತ್ತು. ಹುಡುಗಿ ಚೀಲ ಕುಣಿಸುತ್ತ ಅದರ ಹಿಂದೆ ಓಡುತ್ತಿದ್ದಳು. "ಏಯ್, ನಿಲ್ಸೋ! ನಿಲ್ಸೋ ಮಾರಾಯ!" ಅಧ್ಯಕ್ಷರು ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಕೂಗಿದರು. ತಾವು ಹೀಗೆ ಕೂಗಿಯೇವೆಂದು ಅವರೇ ಎಣಿಸಿರಲಿಲ್ಲ. ಡ್ರೈವರ್‌ಗೆ ಎಲ್ಲಿ ಕೇಳಬೇಕು? ಹುಡುಗಿ ಬಸ್ಸಿನ ಬೆನ್ನಿಗೆ ಅಂಗೈಯಿಂದ ಎರಡು ಬಾರಿಸಿದಳು. ನಿಂತಿತು.

ಅಧ್ಯಕ್ಷರು ಉಸಿರು ಬಿಟ್ಟರು. ಆಮೇಲೆ ತಮಗೆ ಖುಷಿಯಾಗಿದ್ದು ನೆನಪಾಗಿ ಹುಬ್ಬು ಗಂಟಿಕ್ಕಿದರು. "ಭಾರಿ ಹುಡುಗಿ ಕಣ್ರೀ ಇವಳು. ಮುಂದಿನ ಸಭೆಲಿ ಮೊದ್ಲು ಆ ಕೋರಂ ನಿಯಮ ತೆಗೆದುಹಾಕಿ."

"ತೆಗೆಯೋಣ ಸಾರ್," ಕಾರ್ಯದರ್ಶಿ ಪೆನ್ನಿನ ಮುಚ್ಚಳ ಹಾಕಿದರು. "ಅದಕ್ಕೆ ಅವಳು ಬಂದು ಕೂತ್ಕೋಬೇಕು, ಅಷ್ಟೆ."