ಬಿಳಿ ಬಟ್ಟೆಯ ಕಲೆ

ತುಂಬು ಬಸುರಿ ಸೊಸೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಕಾಲಿನಗುಂಟ ಬೆಚ್ಚಗೆ ಇಳಿದ ನೀರು ಮೇಜಿನ ಕೆಳಗೆ ಹರಡಿತ್ತು. "ಅತ್ತೆ, ನೀರು ಒಡೀತು. ಆಸ್ಪತ್ರೆಗೆ ಹೋಗೋಣ."

"ನೋವು ಬಂತಾ?"

"ಇನ್ನೂ ಇಲ್ಲ. ಆದ್ರೂ ತಕ್ಷಣ ಬಾ ಅಂದಿದ್ರು ನರ್ಸು."

"ನೋವಿಲ್ದೆ ಹೋಗಿ ಏನ್ ಮಾಡ್ತೀಯ? ಮೂರು ಹೆತ್ತಿದೀನಿ. ಅಜ್ಜಿಗೇ ಕೆಮ್ಮು ಕಲಿಸ್ಬೇಡ." ಲಾಂಡ್ರಿಯ ಒಂದೇ ಬಾಗಿಲಿಗೆ ಸ್ಟೂಲು ಹಾಕಿ ಕೂತಿದ್ದ ಅತ್ತೆ ಅಲುಗಲಿಲ್ಲ. ಎರಡೂ ಕಡೆ ತಲೆಯೆತ್ತರ ಬಟ್ಟೆಗಂಟು. ಹೊರಗೆ ಹೋಗಬೇಕಾದರೆ ಅತ್ತೆಯನ್ನೇ ದಾಟಬೇಕು.

ಬಿಳಿ ಬಟ್ಟೆ ಇಟ್ಟುಕೊಂಡು ಬಣ್ಣ ನೋಡು, ಹಸಿರಾದರೆ ಮಗು ಕಷ್ಟದಲ್ಲಿದೆ ಎಂದೂ ನರ್ಸ್ ಹೇಳಿದ್ದಳು. ಸೊಸೆ ಬಿಳಿ ಬಟ್ಟೆಯೊಂದನ್ನು ತೆಗೆದುಕೊಂಡು ಗಂಟುಗಳ ಮರೆಗೆ ಹೋಗಿ ಬಂದಳು. ಒದ್ದೆ ಬಟ್ಟೆಯನ್ನು ಗಿರಾಕಿಯ ಹಾಗೆ ಮುಂದೆ ಹಿಡಿದಳು. "ಇದ್ಯಾವ ಕಲೆ, ಅತ್ತೆ?"

ಚಹಾ, ತುಕ್ಕು, ಹುಲ್ಲು, ಶಾಯಿ, ಯಾವುದೇ ಆಗಲಿ ನೋಡಿದೊಡನೆ ಹೇಳುವ ಬಾಯಿ ಅದು. ಅತ್ತೆ ಅಭ್ಯಾಸದಂತೆ ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಹೆಬ್ಬೆರಳಿನಿಂದ ತಿಕ್ಕಿದಳು. ತಿಳಿ ಹಸಿರು. ಬೆರಳು ಅಲ್ಲೇ ನಿಂತಿತು.

"ನನ್ನ ಮಧ್ಯದ್ದಕ್ಕೂ ಹಿಂಗೇ ಇತ್ತು," ಎಂದಳು ಸಣ್ಣಗೆ.

ಆ ಮನೆಯಲ್ಲಿ ಬೆಳೆದ ಮಕ್ಕಳು ಇಬ್ಬರೇ ಎಂಬುದು ಸೊಸೆಗೆ ಹೊಳೆಯುವಷ್ಟರಲ್ಲಿ, ಅತ್ತೆ ಒದ್ದ ಸ್ಟೂಲು ಬೀದಿಗೆ ಉರುಳಿತ್ತು.